ತಂಪು ಯಂತ್ರದೊಳಗೆ ಒಣಗದ ನೀರು

ಕರಾವಳಿಯ ಅಡಿಕೆ ಬೆಳೆಗಾರನಿಗೆ ಬೂಷ್ಟಿನ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ. ಕೊಯ್ದ ಹಣ್ಣಡಿಕೆಯನ್ನು ಅಂಗಳದ ಬಿಸಿಲಿನಲ್ಲಿ ಸುಮಾರು ನಲವತ್ತು ದಿನ ಒಣಗಿಸಬೇಕು. ನಡುವೆ ಅಕಾಲದ ಮಳೆ ಬಂದು ಒಳಗೆ ತೇವ ಉಳಿಯಿತೆಂದರೆ ಸುಲಿದಾಗ ಬೂಷ್ಟು ಕಾಣುತ್ತದೆ, ಬೆಲೆ ಬಿದ್ದುಹೋಗುತ್ತದೆ. ಅಂಥ ಅಡಿಕೆಗೆ ಅತ್ತರು ಸಿಂಪಡಿಸಿ ಮಾರುಕಟ್ಟೆಗೆ ಒಯ್ಯುವ ಯೋಚನೆ ಯಾವ ಕೃಷಿಕನಿಗೂ ಬರುವುದಿಲ್ಲ. ಅಂಥದೇ ಮನೆಯಲ್ಲಿ ಹುಟ್ಟಿ ಬೆಳೆದ ನಾನು ಮಂಗಳೂರಿನ ಫ್ಲ್ಯಾಟಿನಲ್ಲಿ ಎರಡು ವರ್ಷಗಳ ಕಾಲ ಮಾಡಿದ್ದು ಹೆಚ್ಚುಕಡಿಮೆ ಅದನ್ನೇ.

ಮಲಗುವ ಕೋಣೆಗೆ ಎ.ಸಿ. ಹಾಕಿಸಿದಾಗ ತಂಪು ಸೋರಿಹೋಗಬಾರದೆಂದು ಕಿಟಕಿಯ ಮೇಲಿನ ವೆಂಟಿಲೇಟರನ್ನು ಥರ್ಮೋಕೋಲ್ ಹಲಗೆಯಿಂದ ನಾನೇ ಮುಚ್ಚಿದೆ. ಮೊದಲ ಬೇಸಿಗೆ ಸುಖವಾಗಿ ಕಳೆಯಿತು. ಮಳೆಗಾಲ ಹಿಡಿದ ಮೇಲೆ ಯಂತ್ರವನ್ನು ಚಾಲೂ ಮಾಡಿದೊಡನೆ ಮುಗ್ಗಲು ವಾಸನೆ ಬರತೊಡಗಿತು. ಐದು ನಿಮಿಷ ಕಳೆದರೆ ವಾಸನೆ ಇಲ್ಲವಾಗುತ್ತಿತ್ತು. ಮೂಗು ಅದಕ್ಕೆ ಒಗ್ಗಿಕೊಳ್ಳುತ್ತಿದೆ ಎಂಬುದು ಆಗ ಹೊಳೆಯಲಿಲ್ಲ. ವಾರ್ಷಿಕ ಒಪ್ಪಂದದ ಸರ್ವಿಸಿನವರು ಬಂದು, ಜಾಲರಿ ತೊಳೆದು, ನಿಂಬೆಯ ಪರಿಮಳದ ನೊರೆ ಸಿಂಪಡಿಸಿ, ಸಹಿ ಹಾಕಿಸಿಕೊಂಡು ಹೋಗುತ್ತಿದ್ದರು. ಅಷ್ಟರಲ್ಲಿ ಪುತ್ತೂರಿನ ಬಳಿಯ ಊರಿನಿಂದ ಬಂದು ನಮ್ಮೊಡನೆ ಇದ್ದ ತಾಯಿಗೆ ರಾತ್ರಿ ಹೊತ್ತಿನ ಕೆಮ್ಮು ಆರಂಭವಾಯಿತು. ಔಷಧ ಬದಲಾಯಿತು, ಇನ್‌ಹೇಲರ್ ಬಂತು. ನವರಾತ್ರಿಗೆಂದು ಊರಿಗೆ ಹೋದರೆ ಒಂದು ವಾರದಲ್ಲಿ ಕೆಮ್ಮು ಇಳಿಯುತ್ತಿತ್ತು, ಹಿಂದಿರುಗಿದ ಎರಡು ಮೂರು ರಾತ್ರಿಗಳಲ್ಲಿ ಮತ್ತೆ ಏರುತ್ತಿತ್ತು. ಊರಿನ ಗಾಳಿ ಒಳ್ಳೆಯದು ಎಂದು ನಾವೆಲ್ಲ ಸಮಾಧಾನ ಹೇಳಿಕೊಂಡೆವು. ನಮ್ಮ ಮನೆಯ ಗಾಳಿ ಏಕೆ ಕೆಟ್ಟದು ಎಂದು ಕೇಳಿಕೊಳ್ಳಲಿಲ್ಲ.

ಯಂತ್ರದಿಂದ ಗೋಡೆಯ ಮೇಲೆ ನೀರು ಜಿನುಗತೊಡಗಿದಾಗ ಬೀದಿಯ ರಿಪೇರಿ ಅಂಗಡಿಯ ಹುಡುಗನೊಬ್ಬನನ್ನು ಕರೆಸಿದೆ. ಅವನು ಜಾಲರಿಯನ್ನು ಬದಿಗಿಟ್ಟು, ಹೊರಕವಚ ಬಿಚ್ಚಿ, ಗಾಳಿ ತಳ್ಳುವ ಉದ್ದನೆಯ ಉರುಳೆಗೆ ಟಾರ್ಚ್ ಹಿಡಿದು ನೋಡಲು ಹೇಳಿದ. ಅದರ ಪ್ರತಿಯೊಂದು ಅಲಗಿನ ಮೇಲೂ ಕಪ್ಪು ಚುಕ್ಕೆಗಳ ದಪ್ಪ ಪದರವಿತ್ತು. ಕೆಳಗಿನ ತಟ್ಟೆಯಲ್ಲಿ ಲೋಳೆಗಟ್ಟಿದ ನೀರು ನಿಂತಿತ್ತು. ನೀರು ಹೊರಹೋಗಬೇಕಾದ ಕೊಳವೆ ಗೋಡೆಯ ತೂತಿನ ಕಡೆಗೆ ಇಳಿಜಾರಾಗಿರುವ ಬದಲು ನಡುವೆ ಸ್ವಲ್ಪ ಮೇಲೆದ್ದಿತ್ತು. ಯಂತ್ರ ಕೂರಿಸಿದ ದಿನದಿಂದಲೂ ನೀರು ಪೂರ್ತಿಯಾಗಿ ಹೊರಹೋಗಿರಲೇ ಇಲ್ಲ. ನಾವು ಎಂಟು ಗಂಟೆ ಬಾಗಿಲು ಮುಚ್ಚಿ ಉಸಿರಾಡುತ್ತಿದ್ದ ಗಾಳಿಯೆಲ್ಲ ಆ ಉರುಳೆಯನ್ನು ಹಾದು ಬರುತ್ತಿತ್ತು.

ಎ.ಸಿ.ಯೊಳಗೆ ಇಷ್ಟೊಂದು ನೀರು ಎಲ್ಲಿಂದ ಬರುತ್ತದೆ? ಕೋಣೆಯ ಗಾಳಿಯಿಂದಲೇ. ಮಂಗಳೂರಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 80ನ್ನು ದಾಟಿರುವುದೇ ಸಾಮಾನ್ಯ. 30 ಡಿಗ್ರಿ ಉಷ್ಣತೆ, ಶೇಕಡ 80 ಆರ್ದ್ರತೆ ಇರುವ ಗಾಳಿ ಸುಮಾರು 26 ಡಿಗ್ರಿಗೆ ತಣಿದರೆ ಸಾಕು, ಅದರಲ್ಲಿನ ಆವಿ ಇಬ್ಬನಿಯಾಗಿ ಇಳಿಯತೊಡಗುತ್ತದೆ. ಎ.ಸಿ.ಯ ಒಳಗಿನ ಸುರುಳಿ ಅದಕ್ಕಿಂತ ಬಹಳ ತಣ್ಣಗಿರುತ್ತದೆ. ಆದ್ದರಿಂದ ಒಂದೂವರೆ ಟನ್ ಸಾಮರ್ಥ್ಯದ ಯಂತ್ರ ಇಂಥ ಹವೆಯಲ್ಲಿ ಗಂಟೆಗೆ ಒಂದು ಲೀಟರಿಗೂ ಹೆಚ್ಚು ನೀರು ಇಳಿಸುವುದುಂಟು. ಈ ನೀರಿಗೆ ಬಟ್ಟೆಯ ನಾರು, ಚರ್ಮದ ಹೊಟ್ಟು, ಅಡುಗೆಯ ಎಣ್ಣೆಯ ಕಣ, ಬೀದಿಯ ಧೂಳು ಸೇರಿಕೊಳ್ಳುತ್ತವೆ. ಜಾಲರಿ ತಡೆಯುವುದು ದಪ್ಪ ಧೂಳನ್ನು ಮಾತ್ರ. ಕೆಲವೇ ಮೈಕ್ರಾನ್ ಗಾತ್ರದ ಬೂಷ್ಟಿನ ಬೀಜಕಣಗಳು ಅದರ ಕಣ್ಣುಗಳಲ್ಲಿ ಸುಲಭವಾಗಿ ನುಸುಳುತ್ತವೆ. ಬೆಳಿಗ್ಗೆ ಯಂತ್ರವನ್ನು ನಿಲ್ಲಿಸಿದ ಮೇಲೆ ನೀರು, ಆಹಾರ, ಕತ್ತಲೆ, ಬೆಚ್ಚನೆಯ ಹವೆ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಸಂಜೆಯವರೆಗೆ ಕುಳಿತಿರುತ್ತವೆ. ಬೂಷ್ಟಿಗೆ ಇದಕ್ಕಿಂತ ಹೆಚ್ಚಿನ ಅನುಕೂಲ ಬೇಕಿಲ್ಲ.

ಯಂತ್ರದ ಹೊರಗೂ ಇದೇ ಕಥೆ ನಡೆಯುತ್ತದೆ. 18 ಡಿಗ್ರಿಗೆ ಇಟ್ಟು ಮಲಗಿದ ಕೋಣೆಯ ಗೋಡೆ, ಕಪಾಟು, ಹಾಸಿಗೆ ಎಲ್ಲವೂ ರಾತ್ರಿಯಿಡೀ ತಣ್ಣಗಾಗಿರುತ್ತವೆ. ಬೆಳಿಗ್ಗೆ ಬಾಗಿಲು ತೆರೆದೊಡನೆ ಹೊರಗಿನ ಒದ್ದೆ ಗಾಳಿ ಒಳನುಗ್ಗಿ ಆ ತಣ್ಣನೆಯ ಮೈಗಳ ಮೇಲೆ ಬೆವರುತ್ತದೆ. ಕಪಾಟಿನ ಹಿಂಬದಿಯಲ್ಲಿ, ಪರದೆಯ ಮಡಿಕೆಗಳಲ್ಲಿ, ಚರ್ಮದ ಚಪ್ಪಲಿ ಮತ್ತು ಬೆಲ್ಟಿನ ಮೇಲೆ ಬೂದುಬಣ್ಣದ ಪುಡಿ ಕಾಣಿಸುವುದು ಇದರಿಂದ. ಕೋಣೆಗೆ ಬೇಕಾದುದಕ್ಕಿಂತ ದೊಡ್ಡ ಯಂತ್ರ ಕೊಳ್ಳುವುದೂ ತಪ್ಪೇ. ಅದು ಬೇಗ ತಣಿಸಿ ಬೇಗ ನಿಲ್ಲುತ್ತದೆ. ಗಾಳಿಯ ತೇವವನ್ನು ತೆಗೆಯಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಒಂದು ಕೋಣೆಯೊಳಗೆ ತಣ್ಣಗಿದ್ದೂ ತೇವವಾಗಿರುವ ವಿಚಿತ್ರ ಸ್ಥಿತಿಯನ್ನು ನಾವು ಹಣ ಕೊಟ್ಟು ನಿರ್ಮಿಸಿಕೊಳ್ಳುತ್ತೇವೆ.

ಹಿಂದಿನ ಮನೆಗಳಲ್ಲಿ ಬೂಷ್ಟು ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಆಟಿಯ ಮಳೆಯಲ್ಲಿ ಬಟ್ಟೆ, ಪುಸ್ತಕ, ಉಪ್ಪಿನಕಾಯಿ ಭರಣಿ ಎಲ್ಲಕ್ಕೂ ಅದು ಹಿಡಿಯುತ್ತಿತ್ತು. ಆದರೆ ಆ ಮನೆಗಳಿಗೆ ಉಸಿರಾಡುವ ದಾರಿಯಿತ್ತು. ಹೆಂಚಿನ ಸಂದು, ಮರದ ಜಾಲಂದ್ರ, ಅಡುಗೆಮನೆಯ ಒಲೆಯಿಂದ ಅಟ್ಟಕ್ಕೇರುವ ಹೊಗೆ, ಮಳೆ ಬಿಟ್ಟ ದಿನ ಹಾಸಿಗೆಯನ್ನು ಬಿಸಿಲಿಗೆ ಹಾಕುವ ರೂಢಿ, ಇವೆಲ್ಲ ಒದ್ದೆಯನ್ನು ಹೊರಹಾಕುವ ಉಪಾಯಗಳೇ ಆಗಿದ್ದವು. ಕಾಂಕ್ರೀಟಿನ ಫ್ಲ್ಯಾಟಿಗೆ ಆ ದಾರಿಗಳಿಲ್ಲ. ಇದ್ದೊಂದು ವೆಂಟಿಲೇಟರನ್ನೂ ಎ.ಸಿ.ಗಾಗಿ ಮುಚ್ಚುತ್ತೇವೆ. ನಾವು ಮನೆಗಳಲ್ಲಿ ಬಳಸುವ ಸಾಮಾನ್ಯ ಸ್ಪ್ಲಿಟ್ ಎ.ಸಿ. ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ ಎಂಬುದು ಅನೇಕ ವಿದ್ಯಾವಂತರಿಗೂ ತಿಳಿದಿಲ್ಲ. ಹೊರಗಿರುವ ಘಟಕ ಶಾಖವನ್ನಷ್ಟೇ ಹೊರಹಾಕುತ್ತದೆ. ಕೋಣೆಯೊಳಗೆ ಸುತ್ತುವುದು ಅದೇ ಗಾಳಿ. ಅದರಲ್ಲಿ ಬೀಜಕಣಗಳಿದ್ದರೆ ಅವೂ ರಾತ್ರಿಯಿಡೀ ಸುತ್ತುತ್ತವೆ.

ಇದು ಆರೋಗ್ಯದ ಪ್ರಶ್ನೆ ಎಂಬುದರಲ್ಲಿ ವೈದ್ಯವಿಜ್ಞಾನಕ್ಕೆ ಅನುಮಾನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆಯೇ ಪ್ರತ್ಯೇಕ ಮಾರ್ಗಸೂಚಿ ಪ್ರಕಟಿಸಿತು. ಒದ್ದೆ ಹಿಡಿದ, ಬೂಷ್ಟುಗಟ್ಟಿದ ಕಟ್ಟಡಗಳಲ್ಲಿ ವಾಸಿಸುವವರಿಗೆ ಉಸಿರಾಟದ ತೊಂದರೆ, ಸೋಂಕು ಮತ್ತು ಅಸ್ತಮಾ ಉಲ್ಬಣಗೊಳ್ಳುವ ಅಪಾಯ ಹೆಚ್ಚು ಎಂದು ಅದು ಹೇಳಿತು. ಗಾಳಿಯಲ್ಲಿ ಇಷ್ಟು ಬೂಷ್ಟಿದ್ದರೆ ಸುರಕ್ಷಿತ ಎಂಬ ಅಂಕಿಯನ್ನು ಅದು ಕೊಡಲಿಲ್ಲ. ತೇವವನ್ನೇ ತಡೆಯಿರಿ, ಬೂಷ್ಟು ಕಂಡರೆ ತೆಗೆಯಿರಿ ಎಂಬುದೇ ಅದರ ಸಲಹೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮನೆಯೊಳಗಿನ ಆರ್ದ್ರತೆಯನ್ನು ಶೇಕಡ 60ಕ್ಕಿಂತ ಕೆಳಗಿಡಲು, ಒದ್ದೆಯಾದುದನ್ನು 24ರಿಂದ 48 ಗಂಟೆಯೊಳಗೆ ಒಣಗಿಸಲು ಹೇಳುತ್ತದೆ. ಸತ್ತ ಬೂಷ್ಟೂ ಅಲರ್ಜಿ ಉಂಟುಮಾಡಬಲ್ಲದು, ಆದ್ದರಿಂದ ಕೊಂದರೆ ಸಾಲದು, ತೆಗೆಯಬೇಕು ಎಂಬ ಅದರ ಎಚ್ಚರಿಕೆ ನಮ್ಮ ನಿಂಬೆ ಪರಿಮಳದ ಸರ್ವಿಸಿಗೆ ಕೊಟ್ಟ ಉತ್ತರದಂತಿದೆ.

ನಮ್ಮ ದೇಶದ್ದೇ ಒಂದು ಉದಾಹರಣೆಯಿದೆ. ಶ್ವಾಸಕೋಶದ ಅಂಗಾಂಶಕ್ಕೆ ತಗಲುವ ಕಾಯಿಲೆಗಳ ಬಗ್ಗೆ ಭಾರತದ 19 ನಗರಗಳ 27 ಕೇಂದ್ರಗಳಿಂದ 1,084 ರೋಗಿಗಳ ವಿವರ ಸಂಗ್ರಹಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡ 47ರಷ್ಟು ಮಂದಿಗೆ ಇದ್ದದ್ದು ಉಸಿರಿನೊಡನೆ ಒಳಹೋಗುವ ಸಾವಯವ ಕಣಗಳಿಗೆ ಶ್ವಾಸಕೋಶ ಅತಿಯಾಗಿ ಪ್ರತಿಕ್ರಿಯಿಸುವುದರಿಂದ ಬರುವ ಕಾಯಿಲೆ. ಆ ಗುಂಪಿನ ಹೆಚ್ಚುಕಡಿಮೆ ಅರ್ಧದಷ್ಟು ಜನ ಏರ್ ಕೂಲರ್ ಬಳಸುತ್ತಿದ್ದರು. ಏರ್ ಕೂಲರ್ ಬೇರೆ, ಎ.ಸಿ. ಬೇರೆ, ಒಂದು ನೀರನ್ನು ಗಾಳಿಗೆ ಸೇರಿಸುತ್ತದೆ, ಇನ್ನೊಂದು ಗಾಳಿಯಿಂದ ನೀರನ್ನು ತೆಗೆಯುತ್ತದೆ. ಈ ಅಂಕಿಯನ್ನು ಎ.ಸಿ.ಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಆದರೆ ನಿಂತ ನೀರು, ಒದ್ದೆ ಮೈ, ಅದರ ಮೇಲಿನಿಂದ ಬೀಸುವ ಫ್ಯಾನು ಎರಡರಲ್ಲೂ ಇವೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕೂಲರಿನ ಹುಲ್ಲುಚಾಪೆಯನ್ನು ಬದಲಿಸದವರಿಗೂ, ಕರಾವಳಿಯಲ್ಲಿ ಎ.ಸಿ.ಯ ತಟ್ಟೆಯನ್ನು ತೊಳೆಯದವರಿಗೂ ಅದು ಎಚ್ಚರಿಕೆಯ ಮಾತು.

ಹಾಗೆಂದು ಭಯ ಹುಟ್ಟಿಸುವುದು ನನ್ನ ಉದ್ದೇಶವಲ್ಲ. 2021ರಲ್ಲಿ ಕೋವಿಡ್‌ನ ಎರಡನೇ ಅಲೆಯ ಸಮಯದಲ್ಲಿ 'ಕಪ್ಪು ಶಿಲೀಂಧ್ರ'ದ ಹೆಸರು ಕೇಳಿ ಜನ ಈರುಳ್ಳಿಯ ಸಿಪ್ಪೆಗೂ ಫ್ರಿಜ್ಜಿನ ರಬ್ಬರಿಗೂ ಹೆದರಿದ್ದರು. ಆ ಕಾಯಿಲೆಯ ಶಿಲೀಂಧ್ರ ಬೇರೆಯೇ ವರ್ಗದ್ದು. ನಿಯಂತ್ರಣ ತಪ್ಪಿದ ಮಧುಮೇಹ ಮತ್ತು ಸ್ಟೀರಾಯ್ಡ್ ಬಳಕೆ ಅದಕ್ಕೆ ದಾರಿ ಮಾಡಿದ್ದವು. ಬೂಷ್ಟಿನ ಬೀಜಕಣಗಳು ಎಲ್ಲ ಗಾಳಿಯಲ್ಲೂ ಇರುತ್ತವೆ, ಆರೋಗ್ಯವಂತರಲ್ಲಿ ಅನೇಕರಿಗೆ ಅವುಗಳಿಂದ ಏನೂ ಆಗುವುದಿಲ್ಲ. ತೊಂದರೆಯಾಗುವುದು ಅಸ್ತಮಾ ಮತ್ತು ಅಲರ್ಜಿ ಇರುವವರಿಗೆ, ಎಳೆಯ ಮಕ್ಕಳಿಗೆ, ವೃದ್ಧರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ. ಮನೆಯಲ್ಲಿ ಎ.ಸಿ. ಕೋಣೆಯನ್ನು ನಾವು ಮೊದಲು ಬಿಟ್ಟುಕೊಡುವುದೂ ಇವರಿಗೇ.

ಪರಿಹಾರದ ಹೆಸರಿನಲ್ಲಿ ನಡೆಯುವ ವ್ಯಾಪಾರದ ಬಗ್ಗೆ ಒಂದು ಮಾತು ಹೇಳಲೇಬೇಕು. ಎ.ಸಿ. ಸರ್ವಿಸ್ ಎಂದರೆ ಬಹಳಷ್ಟು ಕಡೆ ಜಾಲರಿ ತೊಳೆಯುವುದು, ಸುರುಳಿಯ ಮುಂಭಾಗಕ್ಕೆ ನೀರು ಚಿಮ್ಮಿಸುವುದು, ಸುಗಂಧ ಹಾಕುವುದು ಎಂದಾಗಿದೆ. ಬೂಷ್ಟು ಕೂರುವುದು ಉರುಳೆಯ ಮೇಲೆ, ತಟ್ಟೆಯಲ್ಲಿ, ಕೊಳವೆಯಲ್ಲಿ. ಅವನ್ನು ಬಿಚ್ಚಲು ಒಂದೂವರೆ ಎರಡು ಗಂಟೆ ಬೇಕು. ದಿನಕ್ಕೆ ಇಷ್ಟು ಮನೆ ಮುಗಿಸಬೇಕೆಂಬ ಲೆಕ್ಕದಲ್ಲಿ ದುಡಿಯುವ ಹುಡುಗನಿಗೆ ಆ ಸಮಯವಿಲ್ಲ, ಕಡಿಮೆ ದರ ಕೇಳುವ ನಮಗೆ ಆ ತಾಳ್ಮೆಯಿಲ್ಲ. ಇನ್ನು ಕೆಲವರು ಆಸಿಡ್ ಬಳಸುತ್ತಾರೆ. ಅದು ಅಲ್ಯೂಮಿನಿಯಂ ಪದರಗಳನ್ನು ಕೊರೆಯುತ್ತದೆ. ಬ್ಲೀಚಿಂಗ್ ದ್ರಾವಣದೊಡನೆ ಆಸಿಡ್ ಬೆರೆತರೆ ಹೊಮ್ಮುವುದು ಕ್ಲೋರಿನ್, ಅದು ಪ್ರಾಣಕ್ಕೇ ಅಪಾಯ. ಮಾರ್ಜಕ ಬೆರೆಸಿದ ನೀರು, ಬ್ರಷ್ಷು, ಮುಖಕ್ಕೆ ಮಾಸ್ಕು, ವಿದ್ಯುತ್ ಸಂಪರ್ಕ ತಪ್ಪಿಸುವ ಎಚ್ಚರ, ಕೊನೆಯಲ್ಲಿ ಪೂರ್ತಿ ಒಣಗಿಸುವ ತಾಳ್ಮೆ, ಇಷ್ಟಿದ್ದರೆ ಬಹುತೇಕ ಯಂತ್ರಗಳು ಶುಚಿಯಾಗುತ್ತವೆ. ಕೊಳವೆಯ ಇಳಿಜಾರು ಸರಿಯಿಲ್ಲದಿದ್ದರೆ ಎಷ್ಟು ತೊಳೆದರೂ ಬೂಷ್ಟು ಮರಳಿ ಬರುತ್ತದೆ.

ನಮ್ಮ ಮನೆಯಲ್ಲಿ ನಂತರ ಬದಲಾದ ರೂಢಿಗಳು ತೀರಾ ಸರಳ. ಎ.ಸಿ. ಈಗ 25-26 ಡಿಗ್ರಿಯಲ್ಲಿರುತ್ತದೆ, ಮೇಲೆ ಸೀಲಿಂಗ್ ಫ್ಯಾನ್ ನಿಧಾನವಾಗಿ ತಿರುಗುತ್ತದೆ. ನಿಲ್ಲಿಸುವ ಮುನ್ನ ಅರ್ಧ ಗಂಟೆ ಫ್ಯಾನ್ ಮಾತ್ರ ನಡೆಯುವಂತೆ ಇಟ್ಟು ಒಳಗಿನ ಸುರುಳಿಯನ್ನು ಒಣಗಿಸುತ್ತೇವೆ. ಆಗ ಕೋಣೆಗೆ ಮರಳುವ ಒಂದಿಷ್ಟು ಆವಿ ಹೊರಹೋಗಲು ಬಾಗಿಲು ತೆರೆದಿಡುತ್ತೇವೆ. ಹದಿನೈದು ದಿನಕ್ಕೊಮ್ಮೆ ಜಾಲರಿ ತೊಳೆದು, ಒಣಗಿದ ಮೇಲೆಯೇ ಹಾಕುತ್ತೇವೆ. ಮಳೆಗಾಲದಲ್ಲಿ ಡ್ರೈ ಮೋಡ್ ಬಳಸುತ್ತೇವೆ. ರಿಮೋಟಿನಲ್ಲಿ ಆ ಗುಂಡಿ ಮೊದಲಿನಿಂದಲೂ ಇತ್ತು, ಅದೇಕೆಂದು ನಾನು ಕೇಳಿರಲಿಲ್ಲ. ಕೆಲವು ನೂರು ರೂಪಾಯಿಯ ಆರ್ದ್ರತಾ ಮಾಪಕವೊಂದು ಗೋಡೆಯ ಮೇಲಿದೆ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದಿದ್ದೇವೆ. ಥರ್ಮೋಕೋಲ್ ಕಿತ್ತು ಅಲ್ಲಿ ಸಣ್ಣ ಎಕ್ಸಾಸ್ಟ್ ಫ್ಯಾನ್ ಕೂರಿಸಿದ್ದೇವೆ. ಎ.ಸಿ. ನಿಂತಿರುವ ಹೊತ್ತಿನಲ್ಲಿ ಅದು ಕೋಣೆಯ ಹಳಸು ಗಾಳಿಯನ್ನು ಹೊರತಳ್ಳುತ್ತದೆ. ತಾಯಿಯ ಕೆಮ್ಮಿಗೆ ಬೂಷ್ಟೊಂದೇ ಕಾರಣವಾಗಿತ್ತೆಂದು ನಾನು ಸಾಬೀತುಪಡಿಸಲಾರೆ. ಆ ಮಳೆಗಾಲದ ಉಳಿದ ದಿನಗಳಲ್ಲಿ ಅವರು ಕೆಮ್ಮದೆ ಮಲಗಿದರು ಎಂಬುದಷ್ಟೇ ನನಗೆ ಗೊತ್ತು.

ಆದರೆ ಎಲ್ಲವನ್ನೂ ಗೃಹಸ್ಥನ ತಲೆಗೆ ಕಟ್ಟುವುದು ನ್ಯಾಯವಲ್ಲ. ಎ.ಸಿ. ಕೊಳ್ಳುವಾಗ ನಾವು ನೋಡುವುದು ನಕ್ಷತ್ರಗಳನ್ನು. ಇಂಧನ ದಕ್ಷತಾ ಬ್ಯೂರೋ ನೀಡುವ ಆ ನಕ್ಷತ್ರಗಳು ವಿದ್ಯುತ್ತಿನ ಲೆಕ್ಕವನ್ನು ಚೆನ್ನಾಗಿಯೇ ಹೇಳುತ್ತವೆ. 2020ರ ಜನವರಿಯಿಂದ ನಕ್ಷತ್ರ ಪಡೆದ ಕೋಣೆ ಎ.ಸಿ.ಗಳು ಚಾಲೂ ಆದಾಗ ತಾವಾಗಿ 24 ಡಿಗ್ರಿಯಲ್ಲಿರಬೇಕೆಂಬ ನಿಯಮವೂ ಬಂತು. ಅಂದರೆ ಮನಸ್ಸು ಮಾಡಿದರೆ ಸರ್ಕಾರ ಯಂತ್ರದ ವಿನ್ಯಾಸವನ್ನು ತಿದ್ದಬಲ್ಲದು ಎಂದಾಯಿತು. ಹಾಗಿದ್ದರೆ ತಟ್ಟೆ ಮತ್ತು ಉರುಳೆಯನ್ನು ಸಾಮಾನ್ಯ ತಿರುಪುಳಿಯಿಂದ ಬಿಚ್ಚಿ ತೊಳೆಯುವಂತಿರಬೇಕು, ನಿಲ್ಲಿಸಿದ ಮೇಲೆ ಯಂತ್ರ ತಾನೇ ಒಣಗುವ ವ್ಯವಸ್ಥೆ ದುಬಾರಿ ಮಾದರಿಗಳಿಗೆ ಸೀಮಿತವಾಗದೆ ಎಲ್ಲದರಲ್ಲೂ ಇರಬೇಕು ಎಂದು ಏಕೆ ಕೇಳಬಾರದು? ಕೊಳೆ ಕಟ್ಟಿದ ಸುರುಳಿ ಹೆಚ್ಚು ವಿದ್ಯುತ್ತನ್ನೂ ನುಂಗುತ್ತದೆ. ಐದು ನಕ್ಷತ್ರದ ಯಂತ್ರ ಎರಡು ಮಳೆಗಾಲ ಕಳೆದ ಮೇಲೆ ಅಂಗಡಿಯಲ್ಲಿದ್ದಾಗಿನಷ್ಟೇ ದಕ್ಷವಾಗಿರುತ್ತದೆಯೇ ಎಂದು ಯಾರೂ ಅಳೆಯಲು ಬರುವುದಿಲ್ಲ.

ಕಟ್ಟಡ ಕಟ್ಟುವವರ ಹೊಣೆ ಇನ್ನೂ ದೊಡ್ಡದು. ಹೊಸ ಫ್ಲ್ಯಾಟುಗಳ ಜಾಹೀರಾತಿನಲ್ಲಿ 'ಎ.ಸಿ. ಪಾಯಿಂಟ್' ಎಂಬ ಮಾತಿರುತ್ತದೆ. ಅದು ವಿದ್ಯುತ್ ಪ್ಲಗ್ಗು ಮತ್ತು ಗೋಡೆಯಲ್ಲೊಂದು ತೂತು ಅಷ್ಟೆ. ನೀರು ಹರಿಯುವ ಕೊಳವೆಗೆ ಗೋಡೆಯೊಳಗೆ ಇಳಿಜಾರಿನ ದಾರಿ, ಅದನ್ನು ಶುಚಿಗೊಳಿಸಲು ತೆರೆಯಬಹುದಾದ ಬಾಯಿ, ಎಲ್ಲ ಮಹಡಿಗಳ ನೀರನ್ನು ಒಯ್ಯುವ ಸಾಮಾನ್ಯ ಕೊಳವೆ ಬಹಳಷ್ಟು ಕಡೆ ಇರುವುದಿಲ್ಲ. ಮೇಲಿನ ಮನೆಯ ಎ.ಸಿ. ನೀರು ಕೆಳಗಿನ ಮನೆಯ ಸಜ್ಜಾದ ಮೇಲೆ ತೊಟ್ಟಿಕ್ಕಿ ಜಗಳವಾಗುತ್ತದೆ. ಜಗಳ ತಪ್ಪಿಸಲು ಕೊಳವೆಯನ್ನು ಎತ್ತಿ ಬಾಗಿಸಿ ಬೇರೆಡೆಗೆ ತಿರುಗಿಸಿದರೆ ನೀರು ಯಂತ್ರದಲ್ಲೇ ನಿಲ್ಲುತ್ತದೆ. ನಕ್ಷೆಗೆ ಅನುಮೋದನೆ ನೀಡುವ ಸ್ಥಳೀಯ ಸಂಸ್ಥೆಗಳು ಕರಾವಳಿಯ ಮಟ್ಟಿಗಾದರೂ ಇದನ್ನು ಮಳೆನೀರಿನ ಕೊಳವೆಯಷ್ಟೇ ಕಡ್ಡಾಯವಾಗಿ ಪರಿಶೀಲಿಸಬೇಕು. ಎ.ಸಿ. ಕೂರಿಸಿದ ಮೇಲೂ ಮುಚ್ಚಬೇಕಾಗದಂಥ ಗಾಳಿಯ ದಾರಿಯೊಂದು ಪ್ರತಿ ಮಲಗುವ ಕೋಣೆಗೂ ಇರಬೇಕು.

ಬಾಡಿಗೆದಾರರ ಪಾಡು ಇವೆಲ್ಲಕ್ಕಿಂತ ಕಷ್ಟದ್ದು. ಬೂಷ್ಟಿನ ದೂರು ಹೇಳಿದರೆ ನೀವು ಕಿಟಕಿ ತೆರೆಯುವುದಿಲ್ಲ, ಒಳಗೆ ಬಟ್ಟೆ ಒಣಗಿಸುತ್ತೀರಿ ಎಂಬ ಉತ್ತರ ಸಿದ್ಧವಿರುತ್ತದೆ. ಹೆಚ್ಚೆಂದರೆ ಒಂದು ಕೈ ಬಣ್ಣ ಬಳಿಸಿಕೊಡುತ್ತಾರೆ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು 2020ರ ಡಿಸೆಂಬರಿನಲ್ಲಿ ತೀರಿಕೊಂಡಿತು. ಅಲ್ಲಿ ಎ.ಸಿ. ಇರಲಿಲ್ಲ, ಗಾಳಿ ಸರಿಯಾಗಿ ಆಡದ ಬಾಡಿಗೆ ಮನೆಯ ಗೋಡೆಗಳ ಬೂಷ್ಟಿತ್ತು. ತಂದೆ ದೂರು ಕೊಟ್ಟಾಗ ಬಣ್ಣ ಬಳಿಯಿರಿ ಎಂಬ ಸಲಹೆಯೇ ಅಲ್ಲೂ ಸಿಕ್ಕಿತ್ತು. ಬೂಷ್ಟಿಗೆ ದೀರ್ಘಕಾಲ ಒಡ್ಡಿಕೊಂಡದ್ದೇ ಸಾವಿಗೆ ಕಾರಣವೆಂದು 2022ರ ನವೆಂಬರಿನಲ್ಲಿ ವಿಚಾರಣಾಧಿಕಾರಿ ತೀರ್ಮಾನಿಸಿದರು. 2023ರಲ್ಲಿ ಆ ಮಗುವಿನ ಹೆಸರಿನಲ್ಲೇ ಕಾನೂನು ಬಂತು. ಸಾರ್ವಜನಿಕ ಬಾಡಿಗೆ ಮನೆಗಳಲ್ಲಿ ಅಪಾಯಕಾರಿ ತೇವ, ಬೂಷ್ಟನ್ನು ನಿಗದಿತ ಅವಧಿಯೊಳಗೆ ಸರಿಪಡಿಸಬೇಕೆಂಬ ನಿಯಮ 2025ರ ಅಕ್ಟೋಬರಿನಿಂದ ಜಾರಿಗೆ ಬಂದಿದೆ. ನಮ್ಮಲ್ಲಿ ಅಷ್ಟು ದೂರ ಹೋಗುವ ಮೊದಲು ಬಾಡಿಗೆ ಕರಾರಿನಲ್ಲಿ ಎ.ಸಿ.ಯ ಒಳಶುಚಿ ಮತ್ತು ಕೊಳವೆಯ ದುರಸ್ತಿ ಯಾರ ಹೊಣೆ ಎಂಬ ಒಂದು ಸಾಲನ್ನಾದರೂ ಸೇರಿಸಿಕೊಳ್ಳಬಹುದು.

ಎ.ಸಿ. ಉಳ್ಳವರ ಸಮಸ್ಯೆ, ಇದಕ್ಕೇಕೆ ಇಷ್ಟು ಮಾತು ಎಂದು ಕೇಳುವವರಿದ್ದಾರೆ. ಬೇಸಿಗೆಯ ಸೆಖೆ ಏರುತ್ತಿರುವಂತೆ ಸಾಲದ ಕಂತಿನ ಎ.ಸಿ. ಎರಡು ಕೋಣೆಯ ಮನೆಗೂ ಬರುತ್ತಿದೆ. ಸಣ್ಣ ಕ್ಲಿನಿಕ್ಕು, ಟ್ಯೂಷನ್ ತರಗತಿ, ಪೇಯಿಂಗ್ ಗೆಸ್ಟ್ ಕೋಣೆಗಳಲ್ಲೂ ಅದು ಬಂದಾಗಿದೆ. ಅಲ್ಲಿ ಮಲಗುವವರು, ಕೂರುವವರು ಯಂತ್ರವನ್ನು ಬಿಚ್ಚಿ ನೋಡುವ ಅಧಿಕಾರವಿಲ್ಲದವರು. ಮಳೆಗಾಲದಲ್ಲಿ ಕೆಮ್ಮಿನ ರೋಗಿ ಬಂದಾಗ, ಮನೆ ಬಿಟ್ಟು ಹೋದರೆ ಕಡಿಮೆಯಾಗುತ್ತದೆಯೇ ಎಂದು ವೈದ್ಯರು ಒಂದು ಪ್ರಶ್ನೆ ಕೇಳಿದರೂ ಎಷ್ಟೋ ಮಂದಿಗೆ ಉಪಕಾರವಾದೀತು. ನಮ್ಮನ್ನು ಹಾಗೆ ಕೇಳಿದ್ದರೆ ಎರಡು ವರ್ಷದ ಔಷಧ ಉಳಿಯುತ್ತಿತ್ತೇನೋ. ಮುಂಗಾರು ಶುರುವಾಗುವ ಮುನ್ನ ಒಂದು ಭಾನುವಾರ, ಯಂತ್ರದ ಗಾಳಿ ಬರುವ ಬಾಯಿಗೆ ಟಾರ್ಚ್ ಹಿಡಿದು ಒಮ್ಮೆ ನೋಡಿ. ಉರುಳೆಯ ಮೇಲೆ ಕಪ್ಪು ಚುಕ್ಕೆ ಕಂಡರೆ ಸುಗಂಧದ ನೊರೆಯನ್ನು ನಿರಾಕರಿಸಿ, ಬಿಚ್ಚಿ ತೊಳೆಯುವವರನ್ನು ಕರೆಸಿ, ಅವರು ಕೆಲಸ ಮುಗಿಸುವವರೆಗೂ ಪಕ್ಕದಲ್ಲಿ ನಿಂತಿರಿ.